ಬೀಜ ಹಾಕಿ ಹತ್ತು ದಿನ ಆಯ್ತು, ಹುಲ್ಲೆಲ್ಲಿ? ಲಾನ್ ಓವರ್‌ಸೀಡಿಂಗ್: ಪದೇ ಪದೇ ಕೇಳುವ ಪ್ರಶ್ನೆಗಳು

ನ್ಯೂಜೆರ್ಸಿಯಲ್ಲಿ ಮನೆ ತಗೊಂಡ ನಮ್ಮವರಿಗೆ ಮೊದಲ ಬೇಸಿಗೆ ಕಳೆಯೋ ಹೊತ್ತಿಗೆ ಒಂದು ವಿಷಯ ಗೊತ್ತಾಗುತ್ತೆ: ಮನೆ ಜೊತೆ ಒಂದಿಷ್ಟು ಹುಲ್ಲನ್ನೂ ಕೊಂಡಿದ್ದೀವಿ, ಅದು ಸಾಯ್ತಾ ಇದೆ. ಆಗಸ್ಟ್ ಕೊನೆಗೆ ಅಲ್ಲಲ್ಲಿ ಬೋಳು, ಅಲ್ಲಲ್ಲಿ ಕಳೆ. ಇರೋ ಲಾನನ್ನು ಕಿತ್ತುಹಾಕದೆ ಅದರ ನಡುವೆಯೇ ಹೊಸ ಬೀಜ ಬಿತ್ತಿ ದಟ್ಟ ಮಾಡೋದೇ ಓವರ್‌ಸೀಡಿಂಗ್. ನಾನು 9 ವರ್ಷದಿಂದ ಮಾಡ್ತಿದ್ದೀನಿ, ಅದರಲ್ಲಿ ಮೊದಲ ಎರಡು ವರ್ಷ ಚೆನ್ನಾಗಿ ಕೆಡಿಸಿದ್ದೀನಿ. ಪ್ರತಿ ಸೆಪ್ಟೆಂಬರಲ್ಲಿ ಗೆಳೆಯರು ಫೋನ್ ಮಾಡಿ ಕೇಳೋ ಪ್ರಶ್ನೆಗಳು ಇವು. ಪೆನ್ಸಿಲ್ವೇನಿಯಾ, ನ್ಯೂಯಾರ್ಕ್, ಕನೆಕ್ಟಿಕಟ್, ಒಹಾಯೊ ಕಡೆಯವರಿಗೂ ಒಂದೆರಡು ವಾರ ಹಿಂದೆಮುಂದೆ ಇದೇ ಲೆಕ್ಕ. ಟೆಕ್ಸಾಸ್, ಅರಿಜೋನಾದವರು ಗರಿಕೆಯ ಪ್ರಶ್ನೆಗೆ ನೇರ ಹೋಗಿ.

ಬೀಜ ಹಾಕಿ 10 ದಿನ ಆಯ್ತು, ಏನೂ ಕಾಣ್ತಿಲ್ಲ. ಬೀಜ ಸತ್ತಿದೆಯಾ?

ಮೊದಲು ಚೀಲ ತಂದು ಹಿಂದುಗಡೆಯ ಲೇಬಲ್ ಓದಿ. ಯಾವ ಹುಲ್ಲು ಅಂತ ಗೊತ್ತಾಗದೆ ದಿನ ಎಣಿಸಿ ಪ್ರಯೋಜನ ಇಲ್ಲ. ಪೆರೆನಿಯಲ್ ರೈಗ್ರಾಸ್ 5ರಿಂದ 10 ದಿನಕ್ಕೆ ಬರುತ್ತೆ. ಟಾಲ್ ಫೆಸ್ಕ್ಯೂಗೆ 7ರಿಂದ 14 ದಿನ ಬೇಕು. ಕೆಂಟಕಿ ಬ್ಲೂಗ್ರಾಸ್ ಮಹಾ ಸೋಮಾರಿ, 14 ದಿನಕ್ಕೆ ಮುಂಚೆ ಅದರ ಸುದ್ದಿಯೇ ಇರಲ್ಲ, 28 ದಿನ ತಗೊಂಡರೂ ಆಶ್ಚರ್ಯ ಇಲ್ಲ. ನೀವು ಬರೀ ಬ್ಲೂಗ್ರಾಸ್ ಹಾಕಿದ್ರೆ 10ನೇ ದಿನ ಏನೂ ಕಾಣದೇ ಇರೋದೇ ಸರಿಯಾದ ಸ್ಥಿತಿ.

ನಿಜವಾದ ಅನಾಹುತ ಆಗೋದು ಮಿಶ್ರ ಬೀಜದ ಚೀಲದಲ್ಲಿ. 7ನೇ ದಿನ ರೈ ಮೇಲೆ ಬರುತ್ತೆ, ಮನೆಯವರೆಲ್ಲ ಖುಷಿಯಾಗ್ತಾರೆ, ಫೋಟೋ ಊರಿಗೆ ಹೋಗುತ್ತೆ, "ಬಂತಲ್ಲ" ಅಂತ ನೀರು ನಿಲ್ಲಿಸ್ತಾರೆ. ಆ ಹೊತ್ತಿಗೆ ಬ್ಲೂಗ್ರಾಸ್ ಮಣ್ಣೊಳಗೆ ಆಗಷ್ಟೇ ಬೇರು ಬಿಡೋಕೆ ಶುರು ಮಾಡಿರುತ್ತೆ. ಒಂದೇ ಒಣ ಬಿಸಿಲ ಮಧ್ಯಾಹ್ನ ಸಾಕು, ಅಲ್ಲೇ ಮುಗೀತು. ಮುಂದಿನ ವರ್ಷ "ಆ ಬೀಜ ಸರಿಯಿಲ್ಲ" ಅನ್ನೋ ಮಾತು. ಬೀಜ ಸರಿಯಾಗೇ ಇತ್ತು.

ನೋಡೋ ವಿಧಾನವೂ ಒಂದಿದೆ. ನಿಂತುಕೊಂಡು ಮೇಲಿಂದ ನೋಡಿದ್ರೆ ಕಾಣಲ್ಲ. ಬೆಳಿಗ್ಗೆ ಬಿಸಿಲು ಏರೋ ಮುಂಚೆ ಬೋಳು ಜಾಗದ ಪಕ್ಕ ಮಂಡಿಯೂರಿ, ಕೆನ್ನೆ ನೆಲಕ್ಕೆ ಹತ್ತಿರ ತಂದು, ಬೆಳಕಿಗೆ ಎದುರಾಗಿ ನೋಡಿ. ಹಸಿರಿಗಿಂತ ಮೊದಲು ಕಾಣೋದು ನೀರಿನ ಹನಿ. ಕೂದಲೆಳೆಯಷ್ಟು ಸಣ್ಣ ಸಸಿ ಬೇರಿನಿಂದ ಎಳೆದ ನೀರನ್ನ ರಾತ್ರಿ ತುದಿಯಿಂದ ಹೊರಗೆ ಹಾಕುತ್ತೆ, ಒಂದೊಂದರ ನೆತ್ತಿ ಮೇಲೂ ಸಾಸಿವೆಗಿಂತ ಚಿಕ್ಕ ಒಂದು ಹನಿ ಕೂತಿರುತ್ತೆ. ರೈಗ್ರಾಸ್ ಆದ್ರೆ ಬುಡದಲ್ಲಿ ಸ್ವಲ್ಪ ಕೆಂಪು ಛಾಯೆ. ಅಷ್ಟೂ ಕಾಣದಿದ್ರೆ ನಾಲ್ಕೈದು ಬೀಜ ಎತ್ತಿ ಬೆರಳಲ್ಲಿ ಒತ್ತಿ. ಉಬ್ಬಿ ಮೆತ್ತಗಿದ್ದು ತುದಿಯಲ್ಲಿ ಬಿಳಿ ಇಣುಕಿದ್ರೆ ಎಲ್ಲ ಸರಿ ಇದೆ, ಕಾಯಿರಿ. ಒಳಗೆ ಕೊಳೆತ ಗಂಜಿ ಥರ ಇದ್ರೆ, ಅಥವಾ ಹಾಕಿದ ದಿನದ ಹಾಗೇ ಗಟ್ಟಿ ಇದ್ರೆ, ನೀರಿನ ಪ್ರಶ್ನೆಗೆ ಹೋಗಿ.

ಅಷ್ಟು ದಿನ ಒಳಗೆ ಏನು ನಡೀತಿರುತ್ತೆ?

ರಾಗಿ ಮಾಲ್ಟ್ ಮಾಡೋಕೆ ನಮ್ಮ ಮನೆಗಳಲ್ಲಿ ಏನು ಮಾಡ್ತಾರೋ ಅದೇ. ರಾಗಿ ನೆನೆಸಿ ಬಟ್ಟೆಯಲ್ಲಿ ಕಟ್ಟಿದಾಗ ಕಾಳು ನೀರು ಕುಡಿದು ಉಬ್ಬುತ್ತೆ, ಭ್ರೂಣ ಎಚ್ಚರವಾಗಿ ಜಿಬ್ಬರಲಿನ್ ಅನ್ನೋ ಹಾರ್ಮೋನ್ ಕಳಿಸುತ್ತೆ, ಕಾಳಿನ ಹೊರ ಪದರ ಅಮೈಲೇಸ್ ಕಿಣ್ವ ಬಿಡುತ್ತೆ, ಆ ಕಿಣ್ವ ಹಿಟ್ಟನ್ನ ಸಕ್ಕರೆ ಮಾಡುತ್ತೆ. ಮಾಲ್ಟ್ ಸಿಹಿಯಾಗೋದು ಅದಕ್ಕೇ. ಹುಲ್ಲಿನ ಬೀಜವೂ ಅದೇ ಕುಲ, ಅದೇ ಕೆಲಸ. ಮೊದಲು ಬೇರು ಕೆಳಕ್ಕೆ, ಆಮೇಲೆ ಮೊಳಕೆ ಮೇಲಕ್ಕೆ.

ಇದರಲ್ಲಿ ನಮಗೆ ಬೇಕಾದ ಪಾಠ ಒಂದೇ. ನೀರು ಕುಡಿದ ಬೀಜ ಬೇರು ಬಿಡೋ ಮುಂಚೆ ಒಣಗಿದ್ರೆ ತಡೆದುಕೊಂಡು ಇನ್ನೊಮ್ಮೆ ಶುರು ಮಾಡಬಹುದು. ಬೇರು ಹೊರಬಿದ್ದ ಮೇಲೆ ಒಣಗಿದ್ರೆ ಸತ್ತಿತು. ಹಾಗಾಗಿ ಮೊದಲ ದಿನಕ್ಕಿಂತ 5, 6, 7ನೇ ದಿನಗಳೇ ಅಪಾಯದವು. ಕಣ್ಣಿಗೆ ಏನೂ ಕಾಣದೆ ಬೇಜಾರು ಶುರುವಾಗೋದೂ ಅದೇ ದಿನಗಳಲ್ಲಿ.

ಯಾವಾಗ ಹಾಕಬೇಕು?

ನ್ಯೂಜೆರ್ಸಿಗೆ ಆಗಸ್ಟ್ 15ರಿಂದ ಸೆಪ್ಟೆಂಬರ್ ಕೊನೆ ತನಕ. ನನ್ನ ಕ್ಯಾಲೆಂಡರ್ ಗಣೇಶನ ಹಬ್ಬ: ಹಬ್ಬ ಆಗಸ್ಟ್ ಕೊನೆಗೆ ಬಂದ್ರೆ ಮುಗಿಸಿಕೊಂಡು ಬೀಜ ಹಾಕ್ತೀನಿ, ಸೆಪ್ಟೆಂಬರ್ ಮಧ್ಯಕ್ಕೆ ಬಂದ್ರೆ ಹಬ್ಬಕ್ಕೆ ಮುಂಚೆ.

ಈ ಹೊತ್ತಿಗೆ ಬೇಸಿಗೆ ಕುಡಿದ ಮಣ್ಣು ಇನ್ನೂ ಬೆಚ್ಚಗಿರುತ್ತೆ, ಗಾಳಿ ತಣ್ಣಗಾಗಿರುತ್ತೆ, ಇಬ್ಬನಿ ಬೀಳುತ್ತೆ, ಬೇಸಿಗೆಯ ಕಳೆಗಳು ಆಯಸ್ಸು ಮುಗಿಸ್ತಾ ಇರ್ತವೆ. ಈ ಹುಲ್ಲುಗಳ ಬೀಜಕ್ಕೆ ಮಣ್ಣು ಸುಮಾರು 50ರಿಂದ 65 ಡಿಗ್ರಿ ಫ್ಯಾರನ್‌ಹೀಟ್, ಅಂದ್ರೆ 10ರಿಂದ 18 ಡಿಗ್ರಿ ಸೆಲ್ಸಿಯಸ್ ಇದ್ರೆ ಹಿತ. 50ಕ್ಕಿಂತ ಕೆಳಗೆ ಹೋದ್ರೆ ಬೀಜ ಸುಮ್ಮನೆ ಮಲಗುತ್ತೆ. ಅಕ್ಟೋಬರ್ ಮಧ್ಯದಲ್ಲಿ ಬ್ಲೂಗ್ರಾಸ್ ಹಾಕಿದವರು ಚಳಿಗಾಲದ ಜೊತೆ ಜೂಜಾಡ್ತಿದ್ದಾರೆ ಅಂತ ಅರ್ಥ.

ವಸಂತದಲ್ಲಿ ಹಾಕಬಾರದಾ ಅಂದ್ರೆ, ಹಾಕಬಹುದು, ಬರುತ್ತೆ ಕೂಡ. ಏಪ್ರಿಲಲ್ಲಿ ಬಂದ ಸಸಿಗೆ ಜುಲೈ ಬಿಸಿಲು ತಡೆಯುವಷ್ಟು ಬೇರು ಇಳಿದಿರಲ್ಲ, ಕ್ರ್ಯಾಬ್‌ಗ್ರಾಸ್ ಕಳೆ ಜೊತೆ ಜಗಳ ಬೇರೆ. ಬೋಳಾಗಿ ಮಣ್ಣು ಕೊಚ್ಚಿಹೋಗ್ತಿರೋ ಜಾಗಕ್ಕೆ ಮಾತ್ರ ನಾನು ವಸಂತದಲ್ಲಿ ಬೀಜ ಹಾಕೋದು.

ಚೆಲ್ಲಿ ನೀರು ಹಾಕಿದ್ರೆ ಸಾಲದಾ? ಏರೇಶನ್, ರೇಕಿಂಗ್ ಎಲ್ಲ ಬೇಕೇಬೇಕಾ?

ಮೊದಲ ವರ್ಷ ನಾನೂ ಹಾಗೇ ಚೆಲ್ಲಿದೆ. ಇದ್ದ ಹುಲ್ಲು 4 ಇಂಚು ಎತ್ತರ, ಅದರ ಮೇಲೆ ಕೈಯಲ್ಲಿ ಬೀಜ ಎರಚಿ ಸ್ಪ್ರಿಂಕ್ಲರ್ ಹಾಕಿ ಒಳಗೆ ಹೋದೆ. ಮೂರನೇ ದಿನ ಗುಡುಗಿನ ಮಳೆ. ಎರಡು ವಾರ ಆದಮೇಲೆ ಲಾನ್ ಹೇಗಿತ್ತೋ ಹಾಗೇ ಇತ್ತು. ಆದ್ರೆ ಡ್ರೈವ್‌ವೇ ಅಂಚಲ್ಲಿ, ಡಾಂಬರು ಮತ್ತು ಕಲ್ಲಿನ ನಡುವೆ ಮಣ್ಣು ಕೂತಿದ್ದ ಸಂದಿಯಲ್ಲಿ, ಬೀದಿ ತನಕ ಗೆರೆ ಎಳೆದ ಹಾಗೆ ಅಚ್ಚುಕಟ್ಟಾದ ಹಸಿರು ಹುಲ್ಲು. ಅಷ್ಟು ಒಳ್ಳೆ ಹುಲ್ಲು ಆಮೇಲೆ ನಾನು ಬೆಳೆದಿಲ್ಲ. ಬೀಜ ಮಣ್ಣಿಗೆ ಅಂಟಿಕೊಂಡ ಕಡೆ ಬಂದಿತ್ತು, ಒಣಹುಲ್ಲಿನ ಮೇಲೆ ತೂಗಾಡಿದ ಕಡೆ ಬರಲಿಲ್ಲ.

ಈಗ ಮಾಡೋ ಕ್ರಮ ಹೀಗೆ. ಲಾನನ್ನ ಒಂದೂವರೆಯಿಂದ ಎರಡು ಇಂಚಿಗೆ ಕತ್ತರಿಸಿ ಕತ್ತರಿಸಿದ್ದನ್ನ ಚೀಲಕ್ಕೆ ತುಂಬ್ತೀನಿ. ನೆಲದಲ್ಲಿ ತೂತು ಮಾಡಿ ಮಣ್ಣಿನ ಹೆಂಟೆ ಎತ್ತಿ ಹಾಕೋ ಕೋರ್ ಏರೇಟರ್ ಬಾಡಿಗೆಗೆ ಸಿಗುತ್ತೆ, ಹೋಮ್ ಡಿಪೋದಲ್ಲೂ ಇದೆ. ಪಕ್ಕದ ಮನೆಯವರ ಜೊತೆ ಸೇರಿ ಅರ್ಧ ದಿನಕ್ಕೆ ತಂದ್ರೆ ಇಬ್ಬರದ್ದೂ ಆಗುತ್ತೆ. ತುಂಬಾ ಭಾರದ ಯಂತ್ರ, ಕಾರಿಗೆ ಏರಿಸೋಕೆ ಇಬ್ಬರು ಬೇಕೇ ಬೇಕು. ಹಿಂದಿನ ದಿನ ನೆಲ ನೆನೆಸಿರಬೇಕು, ಇಲ್ಲಾಂದ್ರೆ ಇಲ್ಲಿನ ಜೇಡಿಮಣ್ಣಿಗೆ ಅದು ಇಳಿಯೋದೇ ಇಲ್ಲ. ಉಗುಳಿದ ಮಣ್ಣಿನ ಹೆಂಟೆ ಅಲ್ಲೇ ಬಿಡಿ, ಕರಗುತ್ತೆ. ನೀರಿನ ಪೈಪ್, ಸ್ಪ್ರಿಂಕ್ಲರ್ ತಲೆಗಳಿಗೆ ಮುಂಚೆಯೇ ಬಾವುಟ ನೆಟ್ಟಿರಿ. ಬೀಜ ಹಾಕಿದ ಮೇಲೆ ರೇಕ್ ತಿರುಗಿಸಿ ಅದರ ಬೆನ್ನಲ್ಲಿ ಹಗುರಾಗಿ ಎಳೆದು, ಬೋಳು ಜಾಗಗಳನ್ನ ಕಾಲಲ್ಲೇ ತುಳೀತೀನಿ. ಕಾಲು ಇಂಚಿಗಿಂತ ಆಳಕ್ಕೆ ಹೋಗಬಾರದು. ಮೇಲೆ ತೆಳ್ಳಗೆ ಪೀಟ್ ಮಾಸ್ (ಒಣಗಿಸಿದ ಪಾಚಿಯ ಪುಡಿ) ಅಥವಾ ಜರಡಿ ಹಿಡಿದ ಕಾಂಪೋಸ್ಟ್. ಪೀಟ್ ಮಾಸಿಗೆ ಒಂದು ಗುಣ ಇದೆ: ಒಣಗಿದ್ರೆ ತಿಳಿ ಕಂದು, ತೇವ ಇದ್ರೆ ಕಡು ಕಂದು. ಅಡುಗೆಮನೆ ಕಿಟಕಿಯಿಂದಲೇ ನೀರು ಬೇಕಾ ಬೇಡವಾ ಗೊತ್ತಾಗುತ್ತೆ.

ಅಂಗಡಿಯಲ್ಲಿ ಇಪ್ಪತ್ತು ಥರ ಚೀಲ ಇದೆ. ಯಾವುದು ತಗೊಳ್ಲಿ?

ಮುಂದಿನ ಚಿತ್ರ ನೋಡಬೇಡಿ, ಎಲ್ಲದರಲ್ಲೂ ಅದೇ ನಾಯಿ ಅದೇ ಮಗು. ಹಿಂದಿನ ಲೇಬಲಲ್ಲಿ ತಳಿ, ಮೊಳಕೆ ಪ್ರಮಾಣ, ಪರೀಕ್ಷೆ ಮಾಡಿದ ತಿಂಗಳು, ಕಳೆಬೀಜದ ಪ್ರಮಾಣ, "ಇನರ್ಟ್ ಮ್ಯಾಟರ್" ಅಂದ್ರೆ ಜೊಳ್ಳಿನ ಲೆಕ್ಕ ಇರುತ್ತೆ. ಬಣ್ಣದ ಲೇಪನ ಹಾಕಿದ ಬೀಜದಲ್ಲಿ ತೂಕದ ಅರ್ಧದಷ್ಟು ಆ ಲೇಪನವೇ ಇರಬಹುದು, ಬೀಜದ ರೇಟಲ್ಲಿ ಪುಡಿ ತಗೊಂಡ ಹಾಗೆ. "ಆನ್ಯುಅಲ್ ರೈಗ್ರಾಸ್" ಅಂತ ಇದ್ರೆ ವಾಪಸ್ ಇಡಿ, ಬೇಗ ಬಂದು ಮುಂದಿನ ಬೇಸಿಗೆಗೆ ಹೋಗುತ್ತೆ.

ಬಿಸಿಲು ಚೆನ್ನಾಗಿದ್ದು ನೀರು ಹಾಕೋ ತಾಳ್ಮೆ ಕಡಿಮೆ ಅಂದ್ರೆ ಟಾಲ್ ಫೆಸ್ಕ್ಯೂ, ಬೇರು ಆಳಕ್ಕೆ ಹೋಗುತ್ತೆ. ಮರದ ನೆರಳಿಗೆ ಫೈನ್ ಫೆಸ್ಕ್ಯೂ. ಬ್ಲೂಗ್ರಾಸ್ ನೆಲದೊಳಗೆ ಕುಡಿ ಓಡಿಸಿ ಬೋಳು ತಾನೇ ತುಂಬಿಕೊಳ್ಳುತ್ತೆ. ಟಾಲ್ ಫೆಸ್ಕ್ಯೂ, ರೈ ಎರಡೂ ಬುಡಕಟ್ಟಿ ನಿಂತಲ್ಲೇ ನಿಲ್ಲೋ ಜಾತಿ, ಅದಕ್ಕೇ ಅವಕ್ಕೆ ಮತ್ತೆ ಮತ್ತೆ ಓವರ್‌ಸೀಡಿಂಗ್ ಬೇಕಾಗೋದು.

ರೈಗ್ರಾಸ್ ಇಷ್ಟು ಚೆಂದದ ಹುಲ್ಲಾಗಿದ್ದರ ಹಿಂದೆ ನಮ್ಮ ರಾಜ್ಯದ ರಟ್ಗರ್ಸ್ ವಿಶ್ವವಿದ್ಯಾಲಯದ ಪಾತ್ರ ದೊಡ್ಡದು. ಅಲ್ಲಿನ ತಳಿ ವಿಜ್ಞಾನಿ ರೀಡ್ ಫಂಕ್ 1967ರಲ್ಲಿ ಬಿಡುಗಡೆ ಮಾಡಿದ 'ಮ್ಯಾನ್‌ಹಟನ್' ತಳಿಯ ಮೂಲ ಸಸಿಗಳು ಸಿಕ್ಕಿದ್ದು ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನ ಹಳೇ ಹುಲ್ಲಿನಲ್ಲಿ. ಜನ ತುಳಿದೂ ಸಾಯದೆ ಉಳಿದಿದ್ದನ್ನ ಆರಿಸಿಕೊಂಡರು. ಇಂಥ ತಳಿಗಳ ಬೀಜ ಬೆಳೆಯೋದು ಮಾತ್ರ ಹೆಚ್ಚಾಗಿ ದೂರದ ಆರೆಗಾನ್ ರಾಜ್ಯದ ವಿಲಮೆಟ್ ಕಣಿವೆಯಲ್ಲಿ.

ಎಷ್ಟು ಬೀಜ ಬೇಕು? ಜಾಸ್ತಿ ಹಾಕಿದ್ರೆ ಒಳ್ಳೇದಲ್ವಾ?

1000 ಚದರ ಅಡಿಗೆ ಟಾಲ್ ಫೆಸ್ಕ್ಯೂ ಅಥವಾ ರೈ 3ರಿಂದ 4 ಪೌಂಡ್, ಬ್ಲೂಗ್ರಾಸ್ 1ರಿಂದ ಒಂದೂವರೆ ಪೌಂಡ್. ವ್ಯತ್ಯಾಸ ಯಾಕೆ ಅಂದ್ರೆ ಬ್ಲೂಗ್ರಾಸ್ ಬೀಜ ತೀರ ಸಣ್ಣದು, ಒಂದು ಪೌಂಡಲ್ಲಿ 10 ಲಕ್ಷಕ್ಕೂ ಹೆಚ್ಚು. ಟಾಲ್ ಫೆಸ್ಕ್ಯೂನಲ್ಲಿ ಎರಡು ಲಕ್ಷ ಚಿಲ್ಲರೆ. ಜಾಸ್ತಿ ಹಾಕಿದ್ರೆ ಸಸಿಗಳು ಒಂದಕ್ಕೊಂದು ಒತ್ತಿ ಗಾಳಿ ಆಡದೆ ಬುಡ ಕೊಳೀತವೆ. ಅಳತೆ ಮಾಡಿದ ಬೀಜವನ್ನ ಎರಡು ಭಾಗ ಮಾಡಿ, ಒಂದನ್ನ ಉದ್ದಕ್ಕೆ ಇನ್ನೊಂದನ್ನ ಅಡ್ಡಕ್ಕೆ ಸ್ಪ್ರೆಡರಲ್ಲಿ ಹಾಕಿ.

ದಿನಕ್ಕೆ ಎಷ್ಟು ಸಲ ನೀರು?

ಮೊಳಕೆ ಬರೋ ತನಕ ದಿನಕ್ಕೆ 2–3 ಸಲ, ಪ್ರತಿ ಸಲ 5ರಿಂದ 10 ನಿಮಿಷ. ಮೇಲಿನ ಅರ್ಧ ಇಂಚು ಸದಾ ಹಸಿಯಾಗಿರಬೇಕು, ನೀರು ನಿಲ್ಲಬಾರದು, ಹರೀಬಾರದು. ಬೆಳಿಗ್ಗೆ, ಮಧ್ಯಾಹ್ನ 12ರ ಸುಮಾರಿಗೆ, ಗಾಳಿ ಒಣ ಇದ್ರೆ 3–4ಕ್ಕೆ ಇನ್ನೊಮ್ಮೆ. ಕತ್ತಲಾದ ಮೇಲೆ ಬೇಡ, ರಾತ್ರಿಯಿಡೀ ಒದ್ದೆಯಿದ್ರೆ ಶಿಲೀಂಧ್ರಕ್ಕೆ ಕರೆದು ಊಟ ಹಾಕಿದ ಹಾಗೆ. ಆಫೀಸಿಗೆ ಹೋಗೋರು ನಲ್ಲಿಗೆ ಸಿಕ್ಕಿಸೋ ಟೈಮರ್ ತಗೊಳ್ಳಿ. ಬೀಜಕ್ಕೆ ಕೊಟ್ಟ ದುಡ್ಡು ಉಳಿಸೋದು ಅದೇ.

ಸಸಿ ಒಂದು ಇಂಚು ಬಂದ ಮೇಲೆ ದಿನಕ್ಕೊಂದು ಸಲ, ಆಮೇಲೆ ಎರಡು ದಿನಕ್ಕೊಮ್ಮೆ, ಹೊತ್ತು ಮಾತ್ರ ಜಾಸ್ತಿ. ಕಡೆಗೆ ಮಳೆಯೂ ಸೇರಿ ವಾರಕ್ಕೆ ಒಂದು ಇಂಚು. ಬ್ಲೂಗ್ರಾಸ್ ಸೇರಿದ ಮಿಶ್ರಣ ಆದ್ರೆ ಈ ಇಳಿಕೆಯನ್ನ 3 ವಾರ ಕಳೆದ ಮೇಲೇ ಶುರು ಮಾಡಿ. ನಿಮ್ಮ ಟೌನಲ್ಲಿ ಬರದ ನಿಮಿತ್ತ ನೀರಿನ ನಿರ್ಬಂಧ ಇದ್ರೆ ಆ ವರ್ಷ ಬೀಜ ಹಾಕೋ ಯೋಚನೆಯನ್ನೇ ಬಿಡಿ.

ಊರಲ್ಲಿ ಭತ್ತ ನೆನೆಸಿ ಮೊಳಕೆ ಕಟ್ಟಿ ಒಟ್ಲು ಬಿಡ್ತೀವಲ್ಲ. ಹಾಗೆ ಇಲ್ಲಿ ಮಾಡಬಹುದಾ?

ಇದನ್ನ ಮೊದಲು ಕೇಳಿದ್ದು ನಮ್ಮಪ್ಪ. ಮಂಡ್ಯ ಕಡೆಯ ರೈತ. ಇಲ್ಲಿಗೆ ಬಂದಿದ್ದಾಗ ನಾನು 12ನೇ ದಿನವೂ ನೆಲದ ಮೇಲೆ ಕವುಚಿಕೊಂಡು ಬ್ಲೂಗ್ರಾಸ್ ಹುಡುಕ್ತಿದ್ದನ್ನ ನೋಡಿ, ಚೀಲದಿಂದ ಒಂದು ಚಿಟಿಕೆ ಬೀಜ ಅಂಗೈಗೆ ಹಾಕಿಕೊಂಡು ಊದಿದರು. ಜೊಳ್ಳು ಹಾರಲಿಲ್ಲ. "ಬೀಜ ಚೆನ್ನಾಗೈತೆ ಕಣಪ್ಪ. ನೆನೆಹಾಕಿ ಗೋಣೀಲಿ ಕಟ್ಟದಲೆ ಹಂಗೇ ಚೆಲ್ಲಿ ಕಾಯ್ಕೊಂಡು ಕೂತಿದೀಯಲ್ಲ" ಅಂದ್ರು.

ಆಮೇಲೆ ಓದಿದ್ರೆ, ಗಾಲ್ಫ್ ಕೋರ್ಸ್, ಫುಟ್‌ಬಾಲ್ ಮೈದಾನ ನೋಡಿಕೊಳ್ಳೋರು ಇದನ್ನೇ "ಪ್ರೀ-ಜರ್ಮಿನೇಶನ್" ಅಂತ ಮಾಡ್ತಾರೆ. ಉಳಿದಿದ್ದ ಒಂದು ಪೌಂಡ್ ಬೀಜವನ್ನ ಹಳೇ ದಿಂಬಿನ ಕವರಿಗೆ ಕಟ್ಟಿ ಬಕೆಟ್ಟಲ್ಲಿ ಮುಳುಗಿಸಿ, 12 ಗಂಟೆಗೊಮ್ಮೆ ನೀರು ಬದಲಿಸಿದ್ವಿ. ಬದಲಿಸದಿದ್ರೆ ಹುಳಿ ವಾಸನೆ ಬಂದು ಕೆಡುತ್ತೆ. ನಾಲ್ಕನೇ ದಿನ ನೀರು ಬಸಿದು ಗ್ಯಾರೇಜಲ್ಲಿ ನೆರಳಲ್ಲಿಟ್ಟು, ಬಿಳಿ ತುದಿ ಇಣುಕಿದ ತಕ್ಷಣ ಒಣ ಮರಳಿಗೆ ಕಲಸಿ ಬೋಳು ಜಾಗಕ್ಕೆ ಹಾಕಿದ್ವಿ. ಒಂದು ವಾರದೊಳಗೆ ಹಸಿರು. ಬೇರು ಉದ್ದ ಆದ್ರೆ ಚೆಲ್ಲುವಾಗ ಮುರಿಯುತ್ತೆ, ಸ್ಪ್ರೆಡರಲ್ಲಿ ಇಳಿಯೋದೂ ಇಲ್ಲ. ಹಾಕಿದ ಮೇಲೆ ಒಂದು ಹೊತ್ತು ಒಣಗಿದ್ರೂ ಎಲ್ಲ ಹೋಯ್ತು. ಹಾಗಾಗಿ ಸಣ್ಣ ಬೋಳುಗಳಿಗೆ ಸೈ, ಇಡೀ ಲಾನಿಗೆ ಬೇಡ.

ವಸಂತದಲ್ಲಿ ಕ್ರ್ಯಾಬ್‌ಗ್ರಾಸ್ ತಡೆಯೋ ಔಷಧಿ ಹಾಕಿದ್ದೆ. ತೊಂದರೆ ಇದೆಯಾ?

ಏಪ್ರಿಲಲ್ಲಿ ಹಾಕಿದ್ದಾದ್ರೆ ಸಾಮಾನ್ಯವಾಗಿ ಆಗಸ್ಟ್ ಕೊನೆಗೆ ಅದರ ಕೈ ಸೋತಿರುತ್ತೆ. ಜೂನ್‌ನಲ್ಲಿ ಎರಡನೇ ಸಲ ಹಾಕಿದ್ರೆ ಚೀಲದ ಮೇಲೆ ಎಷ್ಟು ತಿಂಗಳು ಕಾಯಬೇಕು ಅಂತ ಬರೆದಿರುತ್ತೆ, ಓದಿ. ಈ ಔಷಧಿಗಳಲ್ಲಿರೋ ಪ್ರೊಡಯಾಮೀನ್, ಡೈಥಿಯೋಪಿರ್ ಇವಕ್ಕೆಲ್ಲ ಕಳೆಬೀಜ ಯಾವುದು, ನೀವು ದುಡ್ಡು ಕೊಟ್ಟು ತಂದ ಬೀಜ ಯಾವುದು ಅನ್ನೋ ಭೇದ ಇಲ್ಲ. ಹೊಸ ಹುಲ್ಲನ್ನ ಮೂರ್ನಾಲ್ಕು ಸಲ ಕತ್ತರಿಸೋ ತನಕ "ವೀಡ್ ಅಂಡ್ ಫೀಡ್" (ಕಳೆನಾಶಕ ಸೇರಿಸಿದ ಗೊಬ್ಬರ) ಕೂಡ ಮುಟ್ಟಬೇಡಿ.

ಗೊಬ್ಬರ?

ಮೊದಲು ಮಣ್ಣು ಪರೀಕ್ಷೆ, ರಟ್ಗರ್ಸ್‌ನ ಮಣ್ಣು ಪ್ರಯೋಗಾಲಯದಲ್ಲಿ ಮಾಡಿಕೊಡ್ತಾರೆ. ಪಿಎಚ್ 6ಕ್ಕಿಂತ ಕೆಳಗಿದ್ರೆ ಸುಣ್ಣ ಹಾಕಿ, ಗೊಬ್ಬರಕ್ಕಿಂತ ಅದೇ ಹೆಚ್ಚು ಕೆಲಸ ಮಾಡುತ್ತೆ. ನ್ಯೂಜೆರ್ಸಿಯ 2011ರ ಗೊಬ್ಬರ ಕಾಯ್ದೆ ಪ್ರಕಾರ ರಂಜಕ ಇರೋ ಗೊಬ್ಬರವನ್ನ ಲಾನಿಗೆ ಸುಮ್ಮನೆ ಹಾಕೋ ಹಾಗಿಲ್ಲ. ಮಣ್ಣು ಪರೀಕ್ಷೆಯಲ್ಲಿ ಕೊರತೆ ಕಂಡರೆ, ಅಥವಾ ಹೊಸ ಹುಲ್ಲು ಹಾಕುವಾಗ, ಲಾನ್ ರಿಪೇರಿ ಮಾಡುವಾಗ ಮಾತ್ರ ಹಾಕಬಹುದು. ಮನೆಯವರು ನವೆಂಬರ್ 15ರಿಂದ ಮಾರ್ಚ್ 1ರ ತನಕ ಯಾವ ಲಾನ್ ಗೊಬ್ಬರವನ್ನೂ ಹಾಕೋ ಹಾಗಿಲ್ಲ.

ಗುಬ್ಬಿಗಳು ಬೀಜ ತಿಂದುಬಿಡ್ತವಲ್ಲ?

ಒಂದಿಷ್ಟು ತಿನ್ನಲಿ ಬಿಡಿ. ಮಣ್ಣಿಗೆ ಸೇರಿದ ಬೀಜ ಅವಕ್ಕೆ ಸಿಗಲ್ಲ.

ಯಾವಾಗ ಕತ್ತರಿಸೋದು? ಎಲೆ ಉದುರೋಕೆ ಶುರುವಾದ್ರೆ?

ಸಸಿ 3ರಿಂದ ಮೂರೂವರೆ ಇಂಚು ಆದಾಗ, ನೆಲ ಒಣಗಿದ್ದಾಗ, ಹರಿತ ಮಾಡಿದ ಬ್ಲೇಡಲ್ಲಿ. ಮೊಂಡು ಬ್ಲೇಡ್ ಕತ್ತರಿಸಲ್ಲ, ಸಸಿಯನ್ನ ಬೇರುಸಮೇತ ಎಳೆಯುತ್ತೆ. ಒಂದು ಸಲಕ್ಕೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತೆಗೀಬೇಡಿ. ಅಕ್ಟೋಬರಿನ ಮೇಪಲ್ ಎಲೆ ನೋಡೋಕೆ ಚೆಂದ, ಎರಡು ವಾರದ ಸಸಿ ಮೇಲೆ ಒದ್ದೆಯಾಗಿ ಕೂತರೆ ಉಸಿರು ಕಟ್ಟಿಸುತ್ತೆ. ರೇಕ್ ಬೇಡ, ಬ್ಲೋಅರನ್ನ ಕಡಿಮೆ ವೇಗದಲ್ಲಿ ಇಟ್ಟು ಎರಡು ಮೂರು ದಿನಕ್ಕೊಮ್ಮೆ ತೆಗೀರಿ.

ಹಳೇ ಹುಲ್ಲು ಚಾಪೆ ಸುತ್ತಿದ ಹಾಗೆ ಎದ್ದು ಬರ್ತಿದೆ!

ಬೀಜ ಬದಿಗಿಡಿ, ಅಲ್ಲಿ ಗೊಣ್ಣೆಹುಳು ಇದೆ. ಒಂದು ಚದರ ಅಡಿ ಹುಲ್ಲು ಎತ್ತಿ ಎಣಿಸಿ. 10ರ ಆಸುಪಾಸು ಸಿಕ್ಕಿದ್ರೆ ಮೊದಲು ಅದಕ್ಕೆ ಮದ್ದು, ಆಮೇಲೆ ಬಿತ್ತನೆ. ಊರಲ್ಲಿ ಕಬ್ಬಿನ ಬೇರು ತಿನ್ನೋ ಗೊಣ್ಣೆಯ ಬಳಗದ್ದೇ ಇದು, ಇಲ್ಲಿ ಹೆಚ್ಚಾಗಿ ಜಪಾನೀಸ್ ಬೀಟಲ್ ಮರಿ. ಆ ದುಂಬಿ ಅಮೆರಿಕದಲ್ಲಿ ಮೊದಲು ಕಂಡಿದ್ದು 1916ರಲ್ಲಿ, ನಮ್ಮ ನ್ಯೂಜೆರ್ಸಿಯ ರಿವರ್‌ಟನ್‌ನಲ್ಲೇ. ರಾತ್ರಿ ಸ್ಕಂಕ್ ಬಂದು ಲಾನ್ ಕೆದಕಿ ಹೋಗ್ತಿದ್ರೂ ಕಾರಣ ಇದೇ, ಅದು ಹುಳು ಹುಡುಕ್ಕೊಂಡು ಬರೋದು.

ಲಾನಲ್ಲಿ ಗರಿಕೆ ಬಂದಿದೆ, ಹಬ್ಬಕ್ಕೆ ಕೀಳಬಹುದಾ? ಟೆಕ್ಸಾಸಲ್ಲಿ ಬರೀ ಗರಿಕೆಯೇ ಲಾನ್ ಅಂತಾರಲ್ಲ?

ನಮ್ಮ ಕಡೆ ಸೆಪ್ಟೆಂಬರಲ್ಲಿ ಬೆರಳು ಬಿಡಿಸಿದ ಹಾಗೆ ತೆನೆ ಬಿಟ್ಟಿರೋದು ಹತ್ತಕ್ಕೆ ಒಂಬತ್ತು ಸಲ ಕ್ರ್ಯಾಬ್‌ಗ್ರಾಸ್. ಅಗಲ ಎಲೆ, ಒಂದೇ ಬುಡದಿಂದ ಏಡಿ ಕಾಲಿನ ಥರ ಹರಡಿರುತ್ತೆ, ಎಳೆದ್ರೆ ಬುಡಸಮೇತ ಬರುತ್ತೆ. ಗರಿಕೆ ಎಳೆದ್ರೆ ತುಂಡಾಗುತ್ತೆ, ನೆಲದೊಳಗಿನ ಬಿಳಿ ಕುಡಿ ಅಲ್ಲೇ ಉಳಿಯುತ್ತೆ. ಎಷ್ಟು ಜನ ವರ್ಷಗಟ್ಟಲೆ ಗಣಪತಿಗೆ 21 ಕ್ರ್ಯಾಬ್‌ಗ್ರಾಸ್ ಏರಿಸಿದ್ದಾರೋ, ಅವನಂತೂ ಬೇಜಾರು ಮಾಡ್ಕೊಂಡ ಹಾಗಿಲ್ಲ.

ಇಲ್ಲಿನವರು ಬರ್ಮುಡಾ ಗ್ರಾಸ್ ಅನ್ನೋದು ನಮ್ಮ ಗರಿಕೆಯನ್ನೇ. ನ್ಯೂಜೆರ್ಸಿಯಲ್ಲಿ ಅದು ಕಳೆ, ಟೆಕ್ಸಾಸ್, ಜಾರ್ಜಿಯಾ, ಅರಿಜೋನಾದಲ್ಲಿ ಅದೇ ಲಾನ್. ಅಲ್ಲಿ ಓವರ್‌ಸೀಡಿಂಗ್ ಅಂದ್ರೆ ಬೇರೆಯೇ ಆಟ: ಚಳಿಗೆ ಗರಿಕೆ ಮಲಗಿ ಒಣಹುಲ್ಲಿನ ಬಣ್ಣಕ್ಕೆ ತಿರುಗೋ ಮುಂಚೆ ಮೇಲೆ ರೈಗ್ರಾಸ್ ಬಿತ್ತಿ ಚಳಿಗಾಲವೆಲ್ಲ ಹಸಿರು ಇಟ್ಟುಕೊಳ್ತಾರೆ, ಬೇಸಿಗೆ ಬಂದಾಗ ರೈ ಸತ್ತು ಗರಿಕೆ ಏಳುತ್ತೆ. ಏಪ್ರಿಲಲ್ಲಿ ಮಾಸ್ಟರ್ಸ್ ಗಾಲ್ಫ್ ನಡೆಯೋವಾಗ ಜಾರ್ಜಿಯಾದ ಆಗಸ್ಟಾ ಊರಲ್ಲಿ ಟೀವಿ ತುಂಬ ಕಾಣೋ ಆ ಹಸಿರು ಹೀಗೆ ಬಿತ್ತಿದ ರೈಗ್ರಾಸಿನದ್ದು. ಬೆಂಗಳೂರಿನ ಚಳಿಗೆ ಗರಿಕೆ ಹಾಗೆ ಪೂರ್ತಿ ಮಲಗಲ್ಲ. ಅಲ್ಲಿ ಲಾನ್ ಹಾಕೋದೂ ಹೆಚ್ಚಾಗಿ ಬೀಜದಿಂದ ಅಲ್ಲ, ಕುಡಿ ನೆಟ್ಟು ಅಥವಾ ಹಾಸು ತಂದು. ಅಲ್ಲಿ ಮನೆ ಇರೋರು ಈ ಚೀಲ ಹೊತ್ತುಕೊಂಡು ಹೋಗೋ ಅಗತ್ಯ ಇಲ್ಲ.

ರಾಗಿ ಹೊಲದಲ್ಲಿ ಗರಿಕೆ ಕಿತ್ತೇ ಬೆನ್ನು ಬಗ್ಗಿಸಿಕೊಂಡ ಅಪ್ಪನಿಗೆ ಟೆಕ್ಸಾಸಲ್ಲಿ ಅದರ ಬೀಜವನ್ನ ದುಡ್ಡು ಕೊಟ್ಟು ತರ್ತಾರೆ ಅಂತ ನಾನು ಇವತ್ತಿಗೂ ನಂಬಿಸೋಕಾಗಿಲ್ಲ.

ಅರ್ಧ ಚೀಲ ಬೀಜ ಉಳೀತು. ಮುಂದಿನ ವರ್ಷಕ್ಕೆ ಆಗುತ್ತಾ?

ಬೇಸಿಗೆಯಲ್ಲಿ ಕಾಯೋ ಗ್ಯಾರೇಜಲ್ಲಿ ಇಡಬೇಡಿ. ಗಾಳಿಯಾಡದ ಡಬ್ಬಕ್ಕೆ ಹಾಕಿ ಬೇಸ್‌ಮೆಂಟಿನ ಒಣ, ತಣ್ಣನೆ ಮೂಲೆಯಲ್ಲಿಡಿ, ಡಬ್ಬದ ಮೇಲೆ ತಳಿ, ವರ್ಷ ಬರೀರಿ. ಮುಂದಿನ ಜುಲೈ ಕೊನೆಗೆ 50 ಬೀಜ ಎಣಿಸಿ ಒದ್ದೆ ಪೇಪರ್ ಟವಲಲ್ಲಿ ಮಡಚಿ, ಜಿಪ್‌ಲಾಕ್ ಚೀಲಕ್ಕೆ ಹಾಕಿ ಅಡುಗೆಮನೆಯಲ್ಲಿಡಿ. ಫೆಸ್ಕ್ಯೂ ಆದ್ರೆ ಎರಡು ವಾರ, ಬ್ಲೂಗ್ರಾಸ್ ಆದ್ರೆ ನಾಲ್ಕು ವಾರ ಬಿಡಿ, ನಡುವೆ ಪೇಪರ್ ಒಣಗಿದ್ರೆ ನೀರು ಚಿಮುಕಿಸಿ. 40ಕ್ಕಿಂತ ಹೆಚ್ಚು ಮೊಳೆತರೆ ಧೈರ್ಯವಾಗಿ ಹಾಕಿ. 30ರ ಹತ್ತಿರ ಇದ್ರೆ ಅಳತೆ ಸ್ವಲ್ಪ ಹೆಚ್ಚಿಸಿ. 20 ಕೂಡ ದಾಟದಿದ್ರೆ ಹಕ್ಕಿಗಳಿಗೆ ಹಾಕಿಬಿಡಿ, ಆದ್ರೆ ಬಣ್ಣದ ಲೇಪನ ಇದ್ದ ಬೀಜ ಮಾತ್ರ ಬೇಡ, ಅದರಲ್ಲಿ ಶಿಲೀಂಧ್ರನಾಶಕ ಇರಬಹುದು, ಅದನ್ನ ಕಸಕ್ಕೇ ಹಾಕಿ.